ನೀರಿನಲ್ಲಿ ನಿಂತವರು

ಧಾರವಾಡ
೧೨ ಫೆಬ್ರವರಿ ೧೯೯೮

ಕುಮಾರಸ್ವಾಮಿ ಮಾಮಾ ಅವರಿಗೆ ಐಶ್ವರ್ಯಾಳ ಶರಣು.

ಅಕ್ಕ ಹೋದಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು, ಅದೂ ಕೆಲಸಕ್ಕಾಗಿ. ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡಿ. ನೀವೂ ಬರೆದಿಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು.

ಅಪ್ಪನ ಸ್ಟುಡಿಯೋ ನಿಮಗೆ ಗೊತ್ತೇ ಇದೆ. ಮದುವೆಯವರೆಲ್ಲ ಕಲರ್ ಲ್ಯಾಬಿನ ಕಡೆ ಹೋದರು. ಈಗ ಕಪ್ಪು ಬಿಳುಪು ಎಂದರೆ ಪಾಸ್‌ಪೋರ್ಟ್ ಫೋಟೋ ಅಷ್ಟೇ. ಅಪ್ಪ ಕೌಂಟರಿನಲ್ಲಿ ಕೂತು ಪೇಪರು ಓದುತ್ತಾರೆ, ನಾನು ಡಾರ್ಕ್ ರೂಮಿನ ಕೆಂಪು ದೀಪದ ಕೆಳಗೆ ಅಕ್ಕನ ನೆಗೆಟಿವ್ ಹುಡುಕುತ್ತ ಕೂರುತ್ತೇನೆ. ಎರಡು ಜಡೆಯ ಸಾಲಿ ಹುಡುಗಿಯಿಂದ ಹಿಡಿದು ನೀಲಾಳನ್ನು ತೊಟ್ಟಿಲಿಗೆ ಹಾಕಿದ ದಿನದವರೆಗೆ ಎಲ್ಲ ಸಿಕ್ಕಿವೆ. ಅವನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಮಾಡಿ ನೀಲಾಳಿಗೆ ಒಂದು ಆಲ್ಬಮ್ ಕೊಡಬೇಕು. ತಾಯಿ ಹೋದಾಗ ಅವಳಿಗೆ ಎರಡು ವರ್ಷ, ಈಗ ನಾಲ್ಕು. ಮುಂದೆ ತಾಯಿ ಎಂದರೆ ಅವಳಿಗೆ ಈ ಆಲ್ಬಮ್ಮೇ.

ತೊಂದರೆ ಇರುವುದು ತೊಳೆಯುವುದರಲ್ಲಿ. ಫೋಟೋ ಮಾಸದೆ ನಿಲ್ಲಲಿ ಎಂದು ಹೈಪೋ ದ್ರಾವಣದಲ್ಲಿ ಅದ್ದುತ್ತೇವಲ್ಲ, ಆ ಹೈಪೋ ಕಾಗದದೊಳಗೆ ಉಳಿದುಬಿಟ್ಟರೆ ಕೆಲವು ವರ್ಷಕ್ಕೆ ಮುಖ ಹಳದಿಯಾಗುತ್ತದೆ. ಹೋಗಬೇಕೆಂದರೆ ಬಹಳ ಹೊತ್ತು ಹೊಸ ನೀರು ಹಾಯುತ್ತಿರಬೇಕು. ನಮ್ಮೂರಿನಲ್ಲಿ ನಳ ಬರುವುದು ಎಂಟು ದಿನಕ್ಕೊಮ್ಮೆ. ಕುಡಿಯಲು ಆಗಿ, ಒಗೆಯಲು ಆಗಿ, ಕೊನೆಗೆ ಫೋಟೋಕ್ಕೆ ಒಂದು ಬಕೀಟು. ನಿಮ್ಮ ಮದುವೆಯ ಫೋಟೋ ನಮ್ಮ ಪಡಸಾಲೆಯಲ್ಲಿದೆ, ನೋಡಿ, ಅಕ್ಕನ ಕೆನ್ನೆಗೆ ಆಗಲೇ ಕಂದು ಕಲೆ ಬಿದ್ದಿದೆ. ನಿಮ್ಮ ಮುಖ ಚೆನ್ನಾಗಿಯೇ ಇದೆ, ಅದೇ ಬೇಸರ.

ನೀವು ಗಾಜಿನಂಥ ಅಕ್ರಿಲಿಕ್ ಹಾಳೆಯಲ್ಲಿ ಡಬ್ಬಿ, ಬೋರ್ಡು ಮಾಡುತ್ತೀರಿ. ಕಡಿಮೆ ನೀರಿನಲ್ಲಿ ಫೋಟೋ ತೊಳೆಯುವಂಥದ್ದು ಏನಾದರೂ ಮಾಡಲು ಬರುತ್ತದೆಯೇ?

ಇನ್ನೊಂದು. ಅಕ್ಕನ ಜಾಗಕ್ಕೆ ನನ್ನನ್ನು ನಿಮಗೆ ಕೊಡುವ ಮಾತನ್ನು ಅಜ್ಜಿ ತೆಗೆದಿದ್ದಾಳೆ. ನಿಮ್ಮ ಕಿವಿಗೂ ಬಿದ್ದಿರಬೇಕು. ಈ ಪತ್ರಕ್ಕೂ ಆ ಮಾತಿಗೂ ಸಂಬಂಧವಿಲ್ಲ. ನಾನು ಕೇಳುತ್ತಿರುವುದು ಡಬ್ಬಿಯನ್ನು ಮಾತ್ರ.

ನೀಲಾಳಿಗೆ ಮುತ್ತು.
ಐಶ್ವರ್ಯಾ


ಕೊಲ್ಹಾಪುರ
೨೧ ಫೆಬ್ರವರಿ ೧೯೯೮

ಐಶ್ವರ್ಯಾ,

ಪತ್ರ ಮುಟ್ಟಿತು. ಆ ಮಾತು ನನ್ನ ಕಿವಿಗೂ ಬಿದ್ದಿದೆ. ನಾನು ಏನೂ ಹೇಳಿಲ್ಲ. ಡಬ್ಬಿಯ ವಿಷಯಕ್ಕೆ ಬರುತ್ತೇನೆ.

ನಾನು ಧಾರವಾಡದ ಹತ್ತಿರ ಬೇಲೂರು ಕೈಗಾರಿಕಾ ಪ್ರದೇಶದಲ್ಲಿದ್ದಾಗ ಮೋಟಾರಿನ ಭಾಗ ತೊಳೆಯುವ ತೊಟ್ಟಿ ನೋಡಿದ್ದೆ. ನೀರು ಕೆಳಗಿನಿಂದ ಬಂದು ಮೇಲಿನಿಂದ ಹೊರಗೆ ಹೋಗುತ್ತಿತ್ತು. ನಿನಗೂ ಹಾಗೆಯೇ ಬೇಕು ಎನಿಸುತ್ತದೆ. ಮಾಳಿಗೆಯ ಮೇಲೆ ಒಂದು ಡ್ರಮ್ ಇಟ್ಟು, ನಳ ಬಂದ ದಿನ ತುಂಬಿಕೊಂಡರೆ, ಸಣ್ಣ ಧಾರೆ ಬಹಳ ಹೊತ್ತು ಬಿಡಬಹುದು. ದಪ್ಪ ಪೈಪು ಹಾಕಬೇಡ, ಒಂದೇ ಗಳಿಗೆಯಲ್ಲಿ ಡ್ರಮ್ ಖಾಲಿಯಾಗುತ್ತದೆ. ಔಷಧ ಅಂಗಡಿಯಲ್ಲಿ ಸಲೈನ್ ನಳಿಕೆ ಸಿಗುತ್ತದೆ, ನಾಲ್ಕು ತಗೋ. ಅದಕ್ಕೊಂದು ಸಣ್ಣ ಗಾಲಿ ಇರುತ್ತದೆ, ಬೆರಳಿನಿಂದ ತಿರುಗಿಸಿದರೆ ಧಾರೆ ಹೆಚ್ಚು ಕಡಿಮೆಯಾಗುತ್ತದೆ. ಆಸ್ಪತ್ರೆಯಲ್ಲಿ ಅದನ್ನೇ ನೋಡುತ್ತ ಕೂತಿದ್ದೆ, ಆದ್ದರಿಂದ ಗೊತ್ತು.

ಫೋಟೋದ ಉದ್ದ ಅಗಲ ಬರೆ. ಒದ್ದೆಯಾದಾಗ ಎಷ್ಟು ಹಿಗ್ಗುತ್ತದೆ ಎಂಬುದನ್ನೂ ಬರೆ.

ನೀಲಾ ಆರಾಮ ಇದ್ದಾಳೆ. ಓಣಿಯ ಹುಡುಗರ ಜೊತೆ ಮರಾಠಿ ಮಾತಾಡುತ್ತಾಳೆ, ನಮ್ಮ ಅವ್ವನಿಗೆ ಅರ್ಥವಾಗುವುದಿಲ್ಲ. ಇಬ್ಬರೂ ಜಗಳಾಡುತ್ತಾರೆ.

ಕುಮಾರಸ್ವಾಮಿ


ಧಾರವಾಡ
೧೫ ಮಾರ್ಚ್ ೧೯೯೮

ಮಾಮಾ,

ನೀವು ಬರೆದ ಅಳತೆಯ ಪ್ರಶ್ನೆಗಳಿಗೆ ಉತ್ತರವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಇಲ್ಲಿ ನನ್ನ ಪ್ರತಾಪ ಕೇಳಿ.

ನಿಮ್ಮ ಡಬ್ಬಿ ಬರುವವರೆಗೆ ಸುಮ್ಮನಿರುವ ಜಾತಿ ನನ್ನದಲ್ಲ. ಅಡಿಗೆಮನೆಯಲ್ಲಿ ತಾಟು ನಿಲ್ಲಿಸುವ ಸ್ಟೀಲಿನ ಸ್ಟ್ಯಾಂಡ್ ಇದೆಯಲ್ಲ, ಅದನ್ನು ದೊಡ್ಡ ಟಬ್ಬಿನಲ್ಲಿಟ್ಟು, ತಾಟಿನ ಬದಲು ಫೋಟೋ ನಿಲ್ಲಿಸಿದೆ. ಮಾಳಿಗೆಯ ಡ್ರಮ್ಮಿನಿಂದ ಸಲೈನ್ ನಳಿಕೆ ಇಳಿಬಿಟ್ಟೆ. ಅಜ್ಜಿ ಹಿತ್ತಲಿಗೆ ಬಂದು, "ಏ ಹುಡುಗಿ, ತಾಟಿನ ಸ್ಟ್ಯಾಂಡ್ ಎಲ್ಲಿ ಒಯ್ದಿ? ಮನ್ಯಾಗ ತಾಟೆಲ್ಲಾ ನೆಲದ ಮ್ಯಾಲೆ ಮಲಗ್ಯಾವ" ಎಂದು ಶುರು ಮಾಡಿದಳು. ಟಬ್ಬು ಕಂಡಮೇಲೆ ಅಲ್ಲೇ ಕೂತಳು, ಬೈಯುವುದನ್ನು ಮರೆತಳು.

ಸ್ವಲ್ಪ ಹೊತ್ತು ಚೆಂದ ಇತ್ತು. ಆಮೇಲೆ ಒದ್ದೆ ಕಾಗದ ಮೆತ್ತಗಾಗಿ ಒಂದರ ಮೇಲೊಂದು ಒರಗಿದವು. ಒರಗಿದ ಕಡೆ ನೀರು ಹಾಯುವುದಿಲ್ಲ, ಅಲ್ಲಿ ಹೈಪೋ ಹಾಗೆಯೇ ಉಳಿಯುತ್ತದೆ. ಪರೀಕ್ಷೆ ಮಾಡುವುದು ಸುಲಭ. ಬಾವಿಗೆ ಹಾಕುವ ಪರ್ಮಾಂಗನೇಟಿನ ಒಂದು ಹರಳು ಕರಗಿಸಿದರೆ ನೀರು ಗುಲಾಬಿಯಾಗುತ್ತದೆ. ಫೋಟೋದಿಂದ ತೊಟ್ಟಿಕ್ಕುವ ಹನಿಯನ್ನು ಅದರಲ್ಲಿ ಬೀಳಿಸಬೇಕು. ಬಣ್ಣ ಉಳಿದರೆ ಚೊಕ್ಕ, ಬಣ್ಣ ಹೋದರೆ ಹೈಪೋ ಇದೆ ಎಂದರ್ಥ. ನನ್ನದು ಹೋಗಿಯೇ ಹೋಯಿತು. ಪ್ರತಿ ಫೋಟೋಕ್ಕೂ ಎರಡು ಕಡೆ ಗೋಡೆ ಬೇಕು ಮಾಮಾ, ತೆಳ್ಳಗಿನ ಗೋಡೆ.

ಕೆಲಸ ಕೆಟ್ಟರೂ ಮಧ್ಯಾಹ್ನ ಕೆಡಲಿಲ್ಲ. ನಳಿಕೆಯ ಸದ್ದು ಕೇಳುತ್ತ ಬೇವಿನ ಗಿಡದ ಕೆಳಗೆ ಕೂತಿದ್ದೆ. ನೀರಿನ ಬೆಳಕು ಗೋಡೆಯ ಮೇಲೆ ಕುಣಿಯುತ್ತಿತ್ತು. ಕಣ್ಣು ಹತ್ತಿತೋ ಏನೋ, ಅಕ್ಕ ಒಳಗಿನಿಂದ "ಐಶೂ, ನೀರು ಸಾಕು, ನಿಲ್ಲಸು" ಎಂದ ಹಾಗಾಯಿತು. ಎದ್ದು ನಳಿಕೆಯ ಗಾಲಿ ತಿರುಗಿಸಿ ನಿಲ್ಲಿಸಿಯೂಬಿಟ್ಟೆ. ಆಮೇಲೆ ನೆನಪಾಯಿತು.

ಇಂತಿ,
ತಾಟಿನ ಸ್ಟ್ಯಾಂಡ್ ಕಳ್ಳಿ
ಐಶ್ವರ್ಯಾ


ಕೊಲ್ಹಾಪುರ
೧೯ ಏಪ್ರಿಲ್ ೧೯೯೮

ಐಶ್ವರ್ಯಾ,

ನಡುವೆ ನೀನು ಬರೆದ ಪತ್ರಗಳೂ ಬಂದವು. ಎಲ್ಲಕ್ಕೂ ಸೇರಿಸಿ ಬರೆಯುತ್ತಿದ್ದೇನೆ.

ತೊಟ್ಟಿ ಆಯಿತು. ಒಳಗೆ ತೆಳ್ಳಗಿನ ಗೋಡೆಗಳನ್ನು ನಿಲ್ಲಿಸಿದ್ದೇನೆ, ಒಂದೊಂದು ಸಂದಿನಲ್ಲಿ ಒಂದೊಂದೇ ಫೋಟೋ ಇಳಿಬಿಡು. ತಳದಲ್ಲಿ ತೂತು ಕೊರೆದ ಕೊಳವೆ ಇದೆ, ನೀರು ಎಲ್ಲ ಸಂದಿಗೂ ಸಮನಾಗಿ ಏಳುತ್ತದೆ. ಇನ್ನೊಂದು ತುದಿಯ ಗೋಡೆಯನ್ನು ಒಂದು ಬೆರಳು ಗಿಡ್ಡ ಮಾಡಿದ್ದೇನೆ. ತುಂಬಿದ ನೀರು ಅಲ್ಲಿಂದ ಇಳಿದುಹೋಗುತ್ತದೆ. ಮೊದಲ ಸಲ ಮಾಡಿದ್ದು ಸೋರಿತು, ಒಡೆದು ಮತ್ತೆ ಮಾಡಿದೆ.

ಅಕ್ರಿಲಿಕ್ಕನ್ನು ಕ್ಲೋರೋಫಾರ್ಮಿನಿಂದ ಅಂಟಿಸುತ್ತೇವೆ. ಬಾಗಿಲು ತೆರೆದಿಟ್ಟರೂ ವಾಸನೆಗೆ ತಲೆ ತೇಲಿದಂತಾಗುತ್ತದೆ. ಅಂಟು ಕೂಡಲಿ ಎಂದು ತೊಟ್ಟಿಯ ಮೂಲೆ ಒತ್ತಿ ಹಿಡಿದು ಕೂತಿದ್ದಾಗ ಕಣ್ಣ ಮುಂದೆ ನಿಮ್ಮ ಹಿತ್ತಲು ಕಂಡಿತು. ಬೇವಿನ ಗಿಡದ ಕೆಳಗೆ ಯಾರೋ ಕೂತಿದ್ದರು, ಮುಖ ಕಾಣಲಿಲ್ಲ. ವರ್ಕ್‌ಶಾಪಿನ ಮಾಲಕರು ಹೊರಗೆ ಹೋಗಿ ಗಾಳಿ ತಗೋ ಎಂದರು.

ನೀರು ತುಂಬಿ ನೋಡುವಾಗ ನೀಲಾ ವರ್ಕ್‌ಶಾಪಿಗೆ ಬಂದಿದ್ದಳು. ಇದರಲ್ಲಿ ಮೀನು ಬಿಡುತ್ತಾರೇನು ಪಪ್ಪಾ ಎಂದು ಮರಾಠಿಯಲ್ಲಿ ಕೇಳಿದಳು. ನಿನ್ನ ಅವ್ವನನ್ನು ಬಿಡುತ್ತಾರೆ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಹೌದು ಎಂದೆ.

ಅಂಚೆಯವನು ಬರುವ ಹೊತ್ತಿಗೆ ನಾನು ಬಾಗಿಲಲ್ಲಿರುತ್ತೇನೆ ಎಂದು ಇಲ್ಲಿಯವರು ನಗುತ್ತಾರೆ. ಬಾಗಿಲಲ್ಲಿ ಬೆಳಕು ಚೆನ್ನಾಗಿದೆ, ಅಳತೆ ಓದಲು ಅನುಕೂಲ.

ತೊಟ್ಟಿಯನ್ನು ಕಂಬಳಿಯಲ್ಲಿ ಸುತ್ತಿ ಪರಿಚಯದ ಬಸ್ಸಿನವರ ಕೈಯಲ್ಲಿ ಕಳಿಸುತ್ತೇನೆ.

ಕುಮಾರಸ್ವಾಮಿ


ಧಾರವಾಡ
೨೪ ಮೇ ೧೯೯೮

ಮಾಮಾ,

ತೊಟ್ಟಿ ಬಂತು. ಒಂದು ಗೀರೂ ಬಿದ್ದಿಲ್ಲ. ಮೊದಲು ಒಳ್ಳೆಯದನ್ನು ಬರೆಯುತ್ತೇನೆ, ಆಮೇಲೆ ಇನ್ನೊಂದನ್ನು.

ನಳ ಬಂದ ದಿನ ಡ್ರಮ್ ತುಂಬಿಸಿ, ಅಕ್ಕನ ಫೋಟೋಗಳನ್ನು ಒಂದೊಂದಾಗಿ ಇಳಿಬಿಟ್ಟೆ. ಅಕ್ರಿಲಿಕ್ಕಿನೊಳಗೆ ನೀರು ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಅಷ್ಟು ತಿಳಿ. ಅಕ್ಕ ಸಾಲಾಗಿ ನಿಂತಿದ್ದಳು. ಎರಡು ಜಡೆಯವಳು, ಸೈಕಲ್ ಹಿಡಿದವಳು, ಬಾಸಿಂಗ ಕಟ್ಟಿಕೊಂಡವಳು, ನೀಲಾಳನ್ನು ಎತ್ತಿಕೊಂಡವಳು. ನೀರು ಏಳುವಾಗ ಎಲ್ಲರೂ ಸ್ವಲ್ಪ ಅಲುಗಾಡುತ್ತಿದ್ದರು. ಕೊಡ ಹಿಡಿದು ಬಂದ ಪಕ್ಕದ ಮನೆಯ ಲಾಲಬಿ ಚಿಗವ್ವ, "ಏನ ಮಾಯಾ ಐತಿ ಇದು! ಮಂದೀನ ನೀರಾಗ ನಿಂದ್ರಿಸೀಯಲ್ಲ" ಎಂದು ಕೊಡ ಇಳಿಸುವುದನ್ನೇ ಮರೆತು ನಿಂತಳು.

ಅಜ್ಜಿ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತಳು. ಊಟಕ್ಕೆ ಕರೆದರೂ ಏಳಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ನನ್ನ ಸೆರಗು ಜಗ್ಗಿ ಹೇಳಿದಳು: "ಇನ್ನ ಎಷ್ಟೊತ್ತು ನೀರಾಗ ನಿಂದ್ರಸ್ತೀ ಆಕೀನ್ನ? ಥಂಡಿ ಹತ್ತತೈತಿ. ತಗಿ." ಅಕ್ಕ ಹೋದಾಗ ನಾನು ಇಷ್ಟು ಅತ್ತಿರಲಿಲ್ಲ ಮಾಮಾ. ಗುಲಾಬಿ ನೀರಿನಲ್ಲಿ ಹನಿ ಬೀಳಿಸಿದೆ. ಬಣ್ಣ ಹಾಗೇ ಉಳಿಯಿತು.

ಈಗ ಇನ್ನೊಂದು. ಕಂಬಳಿ ಬಿಚ್ಚಿದ ದಿನವೇ ಅಜ್ಜಿ ನಿಮ್ಮ ತೊಟ್ಟಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಆರತಿ ಬೆಳಗಿದಳು. ಹೊಸ ಸಾಮಾನಿಗೆ ಪೂಜೆ ಮಾಡುತ್ತಿದ್ದಾಳೆ ಎಂದು ನಾನು ಗಂಟೆ ಬಾರಿಸಿದೆ. ಸಂಜೆಗೆ ಓಣಿಯ ಹೆಂಗಸರು ಬಂದು ನನ್ನ ಉಡಿಯಲ್ಲಿ ಅಕ್ಕಿ ಹಾಕತೊಡಗಿದಾಗ ತಿಳಿಯಿತು. ಅದು ಗಂಡಿನ ಮನೆಯಿಂದ ಬಂದ ಮೊದಲ ಸಾಮಾನಂತೆ!

ಯಾರು ಹೇಳಿದರು ಎಂದು ಕೇಳಿದರೆ ಅಜ್ಜಿ ನನಗೇ ತಿರುಗಿ ಕೇಳಿದಳು. "ಮದಲೆಲ್ಲಾ ಒಂದ ಕಾಗದ ಇರಲಿಲ್ಲ. ಈಗ ಮ್ಯಾಲಿಂದ ಮ್ಯಾಲೆ ಓಡ್ಯಾಡಾಕತ್ತಾವ. ಮನಸ ಕೂಡ್ಯಾವ ಅನ್ನೂದಕ್ಕ ಇನ್ನೇನ ಬೇಕ?" ನಾವು ಬರೆದದ್ದು ಗೋಡೆಯ ದಪ್ಪ, ತೂತಿನ ಅಗಲ. ಅಜ್ಜಿಗೆ ಓದಲು ಬರುವುದಿಲ್ಲ, ಲಕೋಟೆ ಮಾತ್ರ ಕಾಣುತ್ತದೆ. ಅಪ್ಪನಿಗೆ ಓದಲು ಬರುತ್ತದೆ. ಅವರು ಪೇಪರಿನ ಹಿಂದೆ ನಗುತ್ತ ಕೂತಿದ್ದಾರೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ನಮ್ಮಲ್ಲಿ ಕುಲಾವಿಗೆ ಗುಂಡಿಯನ್ನೂ ಹಚ್ಚಿದ್ದಾರೆ.

ನಿಮ್ಮ ಮನೆಯಲ್ಲೇನಾದರೂ ಹೀಗೆ ನಡೆದಿದೆಯೇ? ಲಗೂ ಬರೆಯಿರಿ.

ಐಶ್ವರ್ಯಾ


ಕೊಲ್ಹಾಪುರ
೧ ಜೂನ್ ೧೯೯೮

ಐಶ್ವರ್ಯಾ,

ನಡೆದಿದೆ.

ನಮ್ಮ ಅವ್ವನೂ ಲಕೋಟೆಗಳನ್ನು ನೋಡುತ್ತಿದ್ದಳು. ತೊಟ್ಟಿ ಕಳಿಸಿದ ವಾರ ನಿಮ್ಮ ಅಪ್ಪನವರಿಂದ ಅವ್ವನಿಗೆ ಪತ್ರ ಬಂತು. ಶರಣವ್ವನವರೇ, ಹುಡುಗರು ತಾವೇ ಒಪ್ಪಿಕೊಂಡಂತಿದೆ, ನಾವು ಹಿರಿಯರು ನಡುವೆ ಯಾಕೆ ತಡಮಾಡಬೇಕು ಎಂದು ಬರೆದಿದ್ದರು. ಅವ್ವ ಓದಿಸಿಕೊಂಡು, "ಆ ಹುಡುಗೀದು ಮನಸ್ಸೈತಿ. ನಿಂದೇನು?" ಎಂದು ಕೇಳಿದಳು.

ನಿನ್ನ ಮನಸ್ಸು ಹಾಗಿದೆ ಎಂದೇ ನಾನೂ ತಿಳಿದೆ. ಮನೆಯವರಿಗೆ ನೀನೇ ಹೇಳಿರಬಹುದು, ನನಗೆ ಬರೆಯಲು ನಾಚಿಕೊಂಡಿರಬಹುದು ಎಂದುಕೊಂಡೆ. ಹೂಂ ಎಂದೆ.

ಮುಂದಿನ ರವಿವಾರ ಬಿಟ್ಟು ಅದರ ಮುಂದಿನ ರವಿವಾರ ಬರುತ್ತೇವೆ ಎಂದು ಅವ್ವ ಹೇಳಿಕಳಿಸಿದ್ದಾಳೆ. ನನ್ನ ತಿಳಿವಳಿಕೆ ತಪ್ಪಿದ್ದರೆ ಬರೆ.

ಕುಮಾರಸ್ವಾಮಿ


ಧಾರವಾಡ
೫ ಜೂನ್ ೧೯೯೮

ಮಾಮಾ,

ತಪ್ಪಿದೆ. ನನಗೆ ನಿಮ್ಮನ್ನು ಮದುವೆಯಾಗುವ ಮನಸ್ಸಿಲ್ಲ.

ನೀವು ಕೆಟ್ಟವರಲ್ಲ, ನಿಮ್ಮಂಥವರು ಸಿಗುವುದು ಕಷ್ಟ ಎಂಬುದೂ ನನಗೆ ಗೊತ್ತು. ಆದರೆ ಹುಟ್ಟಿದಾಗಿನಿಂದ ಅಕ್ಕನಿಗೆ ಸಣ್ಣದಾದ ಅಂಗಿಯೇ ನನ್ನ ಅಂಗಿ. ಅಕ್ಕನ ಪುಸ್ತಕ, ಅಕ್ಕನ ಸೈಕಲ್, ಅಕ್ಕ ಉಟ್ಟು ಬಿಟ್ಟ ಸೀರೆ. ಅಕ್ಕ ಕೊಟ್ಟದ್ದನ್ನು ನಾನು ಸಂತೋಷದಿಂದಲೇ ಹಾಕಿಕೊಂಡೆ. ಡಾರ್ಕ್ ರೂಮ್ ಒಂದೇ ನನ್ನದು. ಹೈಪೋ ವಾಸನೆಗೆ ತಲೆನೋವು ಬರುತ್ತದೆಂದು ಅಕ್ಕ ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಅದನ್ನು ಬಿಟ್ಟು ಕೊಲ್ಹಾಪುರಕ್ಕೆ ಬಂದು, ಅಕ್ಕನ ಒಲೆಯ ಮುಂದೆ ನಿಂತು, ನೀಲಾಳಿಂದ ಅವ್ವಾ ಎಂದು ಕರೆಸಿಕೊಳ್ಳಲು ನನ್ನಿಂದಾಗದು. ನೀಲಾಳಿಗೆ ನಾನು ಚಿಗವ್ವ. ಸಾಯುವವರೆಗೆ ಚಿಗವ್ವ.

ನಾನು ಒಲ್ಲೆ ಎಂದರೆ ಇಲ್ಲಿ ಯಾರೂ ಕೇಳುವುದಿಲ್ಲ. ನಿನ್ನೆ ಅಪ್ಪನಿಗೆ ಹೇಳಿದೆ. "ಹುಡುಗ ಹೂಂ ಅಂದಾನ, ನೀನೂ ಕಾಗದ ಬರದೀ. ಇನ್ನೇನ ನಿಂದು?" ಎಂದರು. ಅಜ್ಜಿ ಬೆಲ್ಲ ತರಿಸಿದ್ದಾಳೆ.

ನೀವು ಏನು ಮಾಡುತ್ತೀರೋ ಗೊತ್ತಿಲ್ಲ. ಹೇಳಬೇಕಾದದ್ದನ್ನು ಹೇಳಿದ್ದೇನೆ.

ಐಶ್ವರ್ಯಾ


ಧಾರವಾಡ
೨೬ ಜುಲೈ ೧೯೯೮

ಮಾಮಾ,

ಇಷ್ಟು ದಿನ ನಿಮ್ಮಿಂದ ಪತ್ರವಿಲ್ಲ. ನೀವು ಬರೆಯುವುದಿಲ್ಲ ಎಂದು ಗೊತ್ತು, ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಅಜ್ಜಿ ಈಗಲೂ ನಿಮ್ಮ ಮೇಲೆ ಸಿಟ್ಟಿನಲ್ಲಿದ್ದಾಳೆ. ದಿನಕ್ಕೊಮ್ಮೆ ನಿಮ್ಮನ್ನು ಬೈದ ಹೊರತು ಅವಳಿಗೆ ರೊಟ್ಟಿ ಇಳಿಯುವುದಿಲ್ಲ. ಆ ರವಿವಾರ ಪಡಸಾಲೆಯಲ್ಲಿ ಎಲ್ಲರೆದುರು "ನಾ ಒಲ್ಲೆರಿ" ಎಂದು ನೀವು ಎದ್ದು ನಿಂತದ್ದು ಅವಳ ಕಣ್ಣಿನಿಂದ ಹೋಗುತ್ತಿಲ್ಲ. "ನಮ್ಮ ಹುಡುಗ್ಯಾಗ ಏನ ಕಡಿಮಿ ಐತಿ ಹೇಳ್ರಿ?" ಎಂದು ಅವಳು ಕೇಳಿದ್ದು, "ಆಕ್ಯಾಗ ಏನೂ ಕಡಿಮಿ ಇಲ್ರಿ ಅಮ್ಮಾ. ನನ್ನ ಮನಸ್ಸಽ ಇಲ್ಲ" ಎಂದು ನೀವು ಅಂದದ್ದು, ನಿಮ್ಮ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದು, ಎಲ್ಲವನ್ನೂ ಬಂದವರಿಗೆಲ್ಲ ಹೇಳುತ್ತಾಳೆ. ಓಣಿಯಲ್ಲಿ ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಪಾಪ ಹುಡುಗಿ ಎಂದು ಹೋಳಿಗೆ ಕಳಿಸುತ್ತಾರೆ. ನಿಮ್ಮ ಹೆಸರು ಕೆಟ್ಟಿತು, ನನ್ನದು ಉಳಿಯಿತು. ಅಪ್ಪನೂ ಸುಮ್ಮನಾದರು. ಇನ್ನು ಒಂದೆರಡು ವರ್ಷ ಯಾರೂ ಮದುವೆಯ ಮಾತು ತೆಗೆಯುವುದಿಲ್ಲ.

ನನ್ನ ನಿಶ್ಚಯದ ಫೋಟೋ ನಾನೇ ತೆಗೆಯಬೇಕೆಂದು ಅಜ್ಜಿ ಹಟ ಹಿಡಿದಿದ್ದಳು, ನಿಮಗೆ ನೆನಪಿರಬೇಕು. ನೀವು ಎದ್ದು ನಿಂತಾಗ ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು. ನೀವು ಆ ಮಾತು ಹೇಳಿ ನನ್ನ ಕಡೆ ತಿರುಗಿದಿರಿ. ಗಾಬರಿಗೆ ಬೆರಳು ಒತ್ತಿತು.

ಆ ರೋಲನ್ನು ತೊಳೆಯಲು ನನಗೆ ಧೈರ್ಯ ಬಂದಿರಲಿಲ್ಲ. ಕಳೆದ ವಾರ ತೊಳೆದು ಪ್ರಿಂಟ್ ಹಾಕಿದೆ. ಕೆಂಪು ಬೆಳಕಿನಲ್ಲಿ ಮೊದಲು ನಿಮ್ಮ ಅಂಗಿಯ ಕಾಲರು ಬಂತು, ಆಮೇಲೆ ಹುಬ್ಬು, ಆಮೇಲೆ ಕಣ್ಣು. ಡೆವಲಪರ್ ಬಟ್ಟಲಿನಿಂದ ಎತ್ತುವುದನ್ನೇ ಮರೆತು ನಿಂತೆ. ಮೊದಲನೆಯದು ಪೂರ್ತಿ ಕಪ್ಪಾಯಿತು, ಎರಡನೆಯದು ಹಾಕಬೇಕಾಯಿತು.

ಅದು ಒಲ್ಲೆ ಎಂದವರ ಮುಖ ಅಲ್ಲ ಮಾಮಾ. ಮುಖ ನೋಡುವುದೇ ನನ್ನ ನಿತ್ಯದ ಕೆಲಸ, ನನಗೆ ತಿಳಿಯುತ್ತದೆ. ಪಡಸಾಲೆಯಲ್ಲಿ ಅಷ್ಟು ಮಂದಿ ಇದ್ದರು, ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಯಾರಿಗೂ ಗೊತ್ತಾಗಲಿಲ್ಲ. ನನಗೂ ಆ ದಿನ ಗೊತ್ತಾಗಲಿಲ್ಲ. ನೀವು ನೀಲಾಳಿಗಾಗಿ ಹೂಂ ಎಂದಿರಬೇಕು, ಒಲ್ಲೆ ಎನ್ನುವುದು ನಿಮಗೂ ಹಗುರವಾಗಿರಬೇಕು ಎಂದು ತಿಳಿದು, ಆ ರಾತ್ರಿ ಹೊಟ್ಟೆ ತುಂಬ ಉಂಡೆ. ನೆನೆದರೆ ನಾಚಿಕೆಯಾಗುತ್ತದೆ.

ನನ್ನ ಮನಸ್ಸು ಬದಲಾಗಿಲ್ಲ. ಅದನ್ನು ಮುಚ್ಚಿಟ್ಟರೆ ನಿಮಗೆ ಇನ್ನೊಂದು ಅನ್ಯಾಯ ಮಾಡಿದಂತೆ. ಆದರೆ ನೀವು ನನಗೆ ಏನು ಕೊಟ್ಟಿರಿ ಎಂಬುದನ್ನು ತಿಳಿಯದೆ ತಗೊಂಡವಳಾಗಿ ಉಳಿಯುವುದು ಬೇಡ. ತಿಳಿದೇ ತಗೊಂಡಿದ್ದೇನೆ.

ಆ ಫೋಟೋವನ್ನು ಬೇರೆ ಯಾವುದರ ಜೊತೆಗೂ ಹಾಕದೆ, ಅದೊಂದನ್ನೇ ತೊಟ್ಟಿಯಲ್ಲಿ ನಿಲ್ಲಿಸಿ, ಡ್ರಮ್ಮಿನ ನೀರೆಲ್ಲ ಹಾಯಿಸಿದೆ. ಬಟ್ಟೆ ಒಗೆಯಲು ನೀರು ಉಳಿಯಲಿಲ್ಲವೆಂದು ಬೈಸಿಕೊಂಡೆ. ಯಾವ ಫೋಟೋಕ್ಕೆ ಎಂದು ಅಜ್ಜಿಗೆ ತೋರಿಸಲಿಲ್ಲ. ತೋರಿಸಿದ್ದರೆ ಅವಳು ಅದೇ ಸಂಜೆ ಕೊಲ್ಹಾಪುರದ ಬಸ್ಸು ಹತ್ತುತ್ತಿದ್ದಳು.

ಅಕ್ಕನ ಆಲ್ಬಮ್ಮಿನ ಜೊತೆ ಅದನ್ನೂ ಕಳಿಸುತ್ತಿದ್ದೇನೆ. ಇಟ್ಟುಕೊಳ್ಳುವುದು, ಹರಿಯುವುದು ನಿಮಗೆ ಸೇರಿದ್ದು. ದೀಪಾವಳಿಗೆ ಸೂಟಿ ಬಿಟ್ಟಾಗ ನೀಲಾಳನ್ನು ಕಳಿಸಿ.

ಐಶ್ವರ್ಯಾ


ಕೊಲ್ಹಾಪುರ
೯ ಆಗಸ್ಟ್ ೧೯೯೮

ಐಶ್ವರ್ಯಾ,

ಆಲ್ಬಮ್ ಮುಟ್ಟಿತು. ಎಲ್ಲ ಫೋಟೋ ಚೆನ್ನಾಗಿ ಬಂದಿವೆ. ಮಳೆಗಾಲದಲ್ಲಿ ತೇವ ತಾಗದಂತೆ ಅಕ್ರಿಲಿಕ್ಕಿನ ಒಂದು ಪೆಟ್ಟಿಗೆ ಮಾಡಿ ಅದರಲ್ಲಿಟ್ಟಿದ್ದೇನೆ.

ದೀಪಾವಳಿಗೆ ನೀಲಾಳನ್ನು ಅವ್ವ ಕರೆದುಕೊಂಡು ಬರುತ್ತಾಳೆ. ನಿಮ್ಮ ಅಜ್ಜಿಯ ಸಿಟ್ಟು ಇಳಿದಮೇಲೆ ನಾನು ಬರುತ್ತೇನೆ.

ನೀಲಾ ಆಲ್ಬಮ್ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದಳು. ಸೈಕಲ್ ಹಿಡಿದ ಫೋಟೋ ನೋಡಿ, "ಅವ್ವ ಸೈಕಲ್ ಹೊಡೀತಿದ್ಲಾ?" ಎಂದು ಕೇಳಿದಳು. ಕನ್ನಡದಲ್ಲಿಯೇ ಕೇಳಿದಳು. ಹೊಡೆಯುತ್ತಿದ್ದಳು, ಬಹಳ ಜೋರು ಹೊಡೆಯುತ್ತಿದ್ದಳು ಎಂದೆ. ಆಮೇಲೆ ಆಲ್ಬಮ್ಮಿನ ಹೊರಗಿದ್ದ ನನ್ನ ಫೋಟೋ ಎತ್ತಿಕೊಂಡಳು. ಬಹಳ ಹೊತ್ತು ನೋಡಿದಳು.

"ಪಪ್ಪಾ, ಇದರಾಗ ನೀ ಯಾರ ಕಡೆ ನೋಡಾಕತ್ತೀ?" ಎಂದಳು.

ಫೋಟೋ ತೆಗೆಯುವವರ ಕಡೆ ಎಂದೆ.

ಕುಮಾರಸ್ವಾಮಿ